ಹದಿನೇಳನೇ ಬಾಟಲಿಗೆ ‘ಜೀವದ ಕುರುಹಿಲ್ಲ’ ಎಂದು ಮುದ್ರೆ ಒತ್ತಿದವರಿಗೆ

ಭೂಮಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಜೀವವನ್ನು ಹುಡುಕುತ್ತಿರುವ, ಪ್ರೌಢಶಾಲಾ ಮಕ್ಕಳ ವಾರಾಂತ್ಯದ ಉಚಿತ ಖಗೋಳ ಜೀವವಿಜ್ಞಾನ ಕಾರ್ಯಕ್ರಮದ ಮುಖ್ಯ ಸಂಯೋಜಕರ ದಿವ್ಯ ಗಮನಕ್ಕೆ.

ಮಾನ್ಯರೇ,

ತಾವೂ ತಮ್ಮ ಸಮಿತಿಯ ಸದಸ್ಯರೂ ಕ್ಷೇಮವೆಂದು ನಂಬಿ ಈ ಪತ್ರ ಶುರುಮಾಡುತ್ತಿದ್ದೇನೆ. ತಮ್ಮ ಕೊಠಡಿಯ ಎ.ಸಿ.ಯೂ, ಗಾಜಿನ ಬೀರುವಿನೊಳಗೆ ಪ್ಲಾಸ್ಟಿಕ್ ಹೊದ್ದು, ಉದ್ಘಾಟನೆಯ ದಿನ ಕಟ್ಟಿದ ಕೆಂಪು ರಿಬ್ಬನ್ನನ್ನು ಇನ್ನೂ ಕೊರಳಲ್ಲೇ ಇಟ್ಟುಕೊಂಡು ಕೂತಿರುವ ತಮ್ಮ ಸೂಕ್ಷ್ಮದರ್ಶಕವೂ ಅಷ್ಟೇ ಕ್ಷೇಮವಾಗಿವೆಯೆಂದು ತಿಳಿಯುತ್ತೇನೆ. ನನ್ನ ವಿಷಯ ಹೇಳುವುದಾದರೆ, ಮನೆಯಲ್ಲಿ ಏಳು ತಿಂಗಳ ಕೂಸೊಂದಿದ್ದು, ಏಳು ತಿಂಗಳಿಂದ ಒಟ್ಟಿಗೆ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಕಂಡವಳಲ್ಲ. ಆದಕಾರಣ ಈ ಪತ್ರದಲ್ಲಿ ಎಲ್ಲಾದರೂ ವಾಕ್ಯ ದಾರಿ ತಪ್ಪಿದರೆ ತಾವು ದೊಡ್ಡ ಮನಸ್ಸು ಮಾಡಿ ಅದರ ಕೈಹಿಡಿದು ರಸ್ತೆ ದಾಟಿಸಬೇಕಾಗಿ ವಿನಂತಿ.

ತಮಗೆ ನನ್ನ ಗುರುತು ಸಿಗಲಾರದು. ಏಳು ವಾರ, ಪ್ರತಿ ಶನಿವಾರ ಮತ್ತು ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ತಮ್ಮ ಕಾರಿಡಾರಿನ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳ ಪೈಕಿ ಕಾಲು ಸೀಳಿದ್ದರ ಮೇಲೆ, ತೊಡೆಯಲ್ಲಿ ಕೂಸನ್ನೂ ಹೆಗಲಲ್ಲಿ ಹಾಲಿನ ಬಾಟಲಿಗಳ ಚೀಲವನ್ನೂ ಇಟ್ಟುಕೊಂಡು, ಬೀಳದಂತೆ ಒಂದು ಕಡೆ ವಾಲಿ ಕೂರುತ್ತಿದ್ದ ಹೆಂಗಸು ನಾನೇ. ಹದಿನಾಲ್ಕು ದಿನವೂ ತಾವು ನನ್ನ ಮೊಣಕಾಲು ಸವರಿಕೊಂಡೇ ಹಾದುಹೋದಿರಿ, ಆದರೆ ತಮ್ಮ ದೃಷ್ಟಿ ಬಲು ದೂರದಲ್ಲಿ ನೆಟ್ಟಿರುತ್ತಿತ್ತು; ತಮ್ಮ ವೃತ್ತಿಗೆ ಅದು ತಕ್ಕದ್ದೇ. ನನ್ನ ದೊಡ್ಡ ಮಗಳು ಒಂಬತ್ತನೇ ತರಗತಿಯವಳು, ತಮ್ಮ ದಾಖಲೆಯಲ್ಲಿ ಹದಿನೇಳನೇ ನಂಬರಿನವಳು, ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಮುಂದಿನ ತಿಂಗಳು ಕರೆದೊಯ್ಯುವ ಹತ್ತು ಮಕ್ಕಳ ಪಟ್ಟಿಯಲ್ಲಿ ಮೂರನೆಯವಳಾಗಿದ್ದು, ‘ಕಟ್ಟುಕಥೆ ಬರೆದಿದ್ದಾಳೆ’ ಎಂಬ ಕಾರಣಕ್ಕೆ ತಾವು ಹಸಿರು ಶಾಯಿಯಲ್ಲಿ ಹೆಸರು ಹೊಡೆದು ಹಾಕಿದವಳು. ಆ ಹೆಸರಿನ ಸಲುವಾಗಿಯೇ ಈ ಪತ್ರ. ಮೂವತ್ತೊಂದು ಮಕ್ಕಳ ಎದುರಿಗೆ ಆಡಿದ ಮಾತಿಗೆ ಲಕೋಟೆ ಅಂಟಿಸಿ ಉತ್ತರ ಕಳಿಸುವುದು ಮರ್ಯಾದೆಯಲ್ಲವಾದ್ದರಿಂದ ಒಂದು ಪ್ರತಿ ತಮಗೆ, ಒಂದು ತಮ್ಮ ನೋಟಿಸ್ ಬೋರ್ಡಿಗೆ, ಇನ್ನೊಂದು ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದೇನೆ.

ದೂರಿಗೆ ಮೊದಲು ಹೊಗಳಿಕೆ ಸಲ್ಲಬೇಕು. ತಮ್ಮ ಕಾರ್ಯಕ್ರಮ ಉಚಿತ ಎಂಬುದನ್ನು ನಾವು ಯಾರೂ ಮರೆತಿಲ್ಲ, ಮರೆಯಲು ತಾವು ಬಿಟ್ಟೂ ಇಲ್ಲ. ಫ್ಯಾನು ಯಾಕೆ ತಿರುಗುತ್ತಿಲ್ಲವೆಂದರೆ ‘ಉಚಿತ ಅಲ್ವೇ ಮೇಡಂ’, ಕುಡಿಯುವ ನೀರು ಎಲ್ಲಿ ಎಂದರೆ ‘ಉಚಿತ ಅಲ್ವೇ ಮೇಡಂ’, ಶೌಚಾಲಯದ ಬೀಗದ ಕೈ ಇರುವವರು ವಾರಾಂತ್ಯದಲ್ಲಿ ಯಾಕೆ ಬರುವುದಿಲ್ಲವೆಂದರೆ ಅದಕ್ಕೂ ಅದೇ ಉತ್ತರ. ಒಳಗೆ ಮೊದಲ ದಿನವೇ ಮಕ್ಕಳಿಗೆ ‘ಎಲ್ಲಿ ನೀರಿದೆಯೋ ಅಲ್ಲಿ ಜೀವವಿರುವ ಸಾಧ್ಯತೆಯಿದೆ’ ಎಂದು ಪಾಠ ಮಾಡಿದ್ದೀರಂತೆ. ಕಾರಿಡಾರಿನಲ್ಲಿ ನೀರಿಲ್ಲದ ಕಾರಣ, ತಮ್ಮದೇ ಸೂತ್ರದ ಪ್ರಕಾರ ಅಲ್ಲಿ ಕಾಯುತ್ತಿದ್ದ ನಾವು ಇಪ್ಪತ್ತೆರಡು ಮಂದಿ ಪೋಷಕರು ಜೀವಿಗಳಲ್ಲ ಎಂಬ ತೀರ್ಮಾನಕ್ಕೆ ತಾವು ಬಂದಿದ್ದರೆ ಅದು ವೈಜ್ಞಾನಿಕವಾಗಿ ಸರಿಯೇ ಇದೆ.

ತಮ್ಮ ಕಾವಲುಗಾರರ ಸಂಸ್ಕಾರವನ್ನೂ ಮೆಚ್ಚಲೇಬೇಕು. ಮೂರನೆಯ ಶನಿವಾರ ಚಿಕ್ಕವಳು ಹಸಿವಿಗೆ ರಾಗ ತೆಗೆದಾಗ ಅವರು ಬಂದು, ಕೈಮುಗಿದೇ, ‘ಅಮ್ಮಾ, ಸ್ವಲ್ಪ ಹೊರಗೆ ಕರ್ಕೊಂಡೋಗಿ, ಒಳಗೆ ಸಾರ್ ಬೇರೆ ಗ್ರಹದಿಂದ ಶಬ್ದ ಬರ್ತಿದ್ಯಾ ಅಂತ ಕೇಳಿಸ್ತಾ ಇದಾರೆ’ ಎಂದರು. ಬೇರೆ ಗ್ರಹದವರಿಗೆ ಅಡ್ಡಿಯಾಗಬಾರದೆಂದು ನಾನು ಎದ್ದು, ಗೇಟಿನ ಹೊರಗಿನ ಕಲ್ಲಿನ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತೆ. ಅಷ್ಟು ದೂರದ ಮೌನವನ್ನು ಕೇಳಿಸಿಕೊಳ್ಳಬಲ್ಲ ಕಿವಿಗೆ ಹತ್ತು ಮಾರು ದೂರದ ಅಳು ಮಾತ್ರ ಕಿರಿಕಿರಿಯಾಗುವುದು ದೊಡ್ಡ ವಿದ್ಯೆಯೇ ಸರಿ.

ಇಷ್ಟಾದರೂ ಪ್ರತಿ ಶನಿವಾರ ಯಾಕೆ ಬಂದೆ ಎಂದು ತಾವು ಕೇಳಬಹುದು. ನನ್ನ ಮಗಳ ಮುಖ ನೋಡಿ ಬಂದೆ. ನಾನೂ ಒಂದು ಕಾಲಕ್ಕೆ ಸಸ್ಯಶಾಸ್ತ್ರ ಓದಿದವಳು, ಇವಳು ಹೊಟ್ಟೆಯಲ್ಲಿದ್ದಾಗ ಪದವಿಯ ಕೊನೆಯ ಪರೀಕ್ಷೆ ಬರೆದವಳು, ಬರೆದ ಮೇಲೆ ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಡುವ ಸಂದರ್ಭ ಮತ್ತೆ ಒದಗದವಳು. ಇವಳು ಮೊದಲ ಭಾನುವಾರ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ, ‘ಅಮ್ಮಾ, ಹೊಸಾ ನೋಟ್‌ಬುಕ್ ಬೇಕು, ಗೆರೆ ಇಲ್ದೇ ಇರೋದು’ ಎಂದಳು. ತಾವು ಬೋರ್ಡಿನ ಮೇಲೆ ಬರೆಸಿದ್ದ ಎರಡು ಸಾಲನ್ನು ಅದರ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಳು: ‘ಕಂಡದ್ದನ್ನೇ ಬರೆಯಿರಿ. ಊಹೆಯನ್ನು ಊಹೆಯೆಂದೇ ಬರೆಯಿರಿ.’ ಆ ಸಾಲುಗಳಿಗೆ ನಾನು ಈಗಲೂ ತಲೆಬಾಗುತ್ತೇನೆ. ತಾವೂ ಒಮ್ಮೆ ಬಿಡುವು ಮಾಡಿಕೊಂಡು ಓದಬೇಕು, ಚೆನ್ನಾಗಿವೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನೆಮ್ಮದಿ ಹೋಯಿತು. ‘ಬಿಸ್ಕತ್ತು ಖಾಲಿ ಮಾಡಿದ್ದು ನೀನೇ’ ಅಂದರೆ ‘ಪುರಾವೆ ಏನಿದೆ?’, ‘ನಾಳೆ ಮಳೆ ಬರುತ್ತೆ’ ಅಂದರೆ ‘ಅದು ಊಹೆ’, ‘ನಿನಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಎಂದು ನಾನು ಒಮ್ಮೆ ಕಣ್ಣೀರು ಹಾಕಿದರೆ, ಸ್ವಲ್ಪ ಯೋಚಿಸಿ, ‘ಅದಕ್ಕೆ ವಿರುದ್ಧವಾಗಿ ಪುರಾವೆ ತುಂಬಾ ಇದೆ ಅಮ್ಮಾ’ ಎಂದಳು. ಲಿಫ್ಟ್ ರಿಪೇರಿಯ ಕೆಲಸದಲ್ಲಿರುವ ನಮ್ಮನೆಯವರು, ‘ಈ ಹುಡುಗಿ ಹತ್ರ ಮಾತಾಡೋಕೆ ಇನ್ಮೇಲೆ ವಕೀಲರನ್ನಿಟ್ಕೋಬೇಕು ಕಣೇ’ ಎಂದು ನಗುತ್ತಾ ಕೆಲಸಕ್ಕೆ ಹೋದರು. ಇದೆಲ್ಲ ತಮ್ಮ ಕೃಪೆ. ಒಂದು ಮಗುವಿಗೆ ಸತ್ಯದ ಹುಚ್ಚು ಹಿಡಿಸಿ, ಆ ಹುಚ್ಚಿಗಾಗಿಯೇ ಅವಳನ್ನು ಹೊರಗೆ ಹಾಕಲು ಬರಿಯ ಏಳು ವಾರ ಸಾಕಾಯಿತಲ್ಲ, ಆ ದಕ್ಷತೆಗೆ ನನ್ನ ನಮಸ್ಕಾರ.

ಈಗ ಬಾಟಲಿಯ ವಿಷಯ. ತಾವು ಪ್ರತಿ ಮಗುವಿಗೂ ಒಂದೊಂದು ಅಗಲ ಬಾಯಿಯ ಗಾಜಿನ ಬಾಟಲಿ ಕೊಟ್ಟು, ಅದರ ಮೇಲೆ ನಂಬರಿನ ಚೀಟಿ ಅಂಟಿಸಿ, ‘ಇದು ನಿಮ್ಮ ಸ್ವಂತ ಗ್ರಹ, ಆರು ವಾರ ಕಾಪಾಡಿ’ ಎಂದು ಕಳಿಸಿದಿರಿ. ಈ ಪತ್ರ ಓದುವ ಇತರ ಪೋಷಕರ ಅನುಕೂಲಕ್ಕೆ ಹೇಳುವುದಾದರೆ, ಹೊಂಡದ ಕೆಸರು, ಹರಿದ ನ್ಯೂಸ್‌ಪೇಪರು, ಒಂದು ಮೊಟ್ಟೆಯ ಹಳದಿ, ಮೇಲಷ್ಟು ನೀರು ಹಾಕಿ ಮುಚ್ಚಿ ಬೆಳಕಿರುವ ಕಿಟಕಿಯಲ್ಲಿಟ್ಟರೆ ವಾರಗಳು ಕಳೆದಂತೆ ಅದರಲ್ಲಿ ಬಣ್ಣದ ಪಟ್ಟೆಗಳು ಏಳುತ್ತವೆ. ಬೆಳಕು ಬೇಕಾದ ಸೂಕ್ಷ್ಮಜೀವಿಗಳು ಮೇಲೆ ಹಸಿರಾಗಿ, ಗಾಳಿಯೆಂದರೆ ಆಗದವು ಕೆಳಗೆ ಕಪ್ಪಾಗಿ, ನಡುವೆ ಇನ್ಯಾವುದೋ ಜಾತಿಯವು ತುಕ್ಕಿನ ಬಣ್ಣಕ್ಕೆ, ಒಬ್ಬರ ಎಂಜಲು ಇನ್ನೊಬ್ಬರ ಊಟವಾಗಿ ಬದುಕುತ್ತವೆ. ಗಾಳಿಯಿಲ್ಲದ ಗ್ರಹದಲ್ಲೂ ಬದುಕು ಹೀಗಿರಬಹುದೆಂಬುದು ಪಾಠ. ನನ್ನ ಮಗಳು ಬಸ್ ಡಿಪೋದ ಹಿಂದಿನ ಹೊಂಡದಿಂದ ಕೆಸರು ತಂದಳು, ತನ್ನ ಪಾಲಿನ ಮೊಟ್ಟೆಯನ್ನೇ ಅದಕ್ಕೆ ಕೊಟ್ಟಳು, ಅಡುಗೆಮನೆಯ ಕಿಟಕಿಯಲ್ಲಿ ಬೆಳಕು ಚೆನ್ನಾಗಿದೆಯೆಂದು ಅಲ್ಲೇ ಇಟ್ಟಳು. ಪಟ್ಟೆಗಳಿಗೆ ಹಸಿರೂರು, ಕೆಂಪೂರು, ಕರಿಯೂರು ಎಂದು ಹೆಸರಿಟ್ಟು, ಸ್ಕೂಲಿಗೆ ಹೊರಡುವ ಮುನ್ನ ಸ್ಕೇಲು ಹಿಡಿದು ಅಳೆದು, ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆಯುತ್ತಿದ್ದಳು. ಮೂವತ್ತೈದು ದಿನಕ್ಕೆ ಮೂವತ್ತೈದು ಚಿತ್ರ. ತಂಗಿಯನ್ನು ಎತ್ತಿಕೊಂಡು ‘ನೋಡೇ, ಕೆಂಪೂರು ಇವತ್ತು ಎರಡು ಮಿಲಿಮೀಟರ್ ಬೆಳೆದಿದೆ’ ಎಂದು ವರದಿ ಒಪ್ಪಿಸುವುದು ಬೇರೆ.

ಮೂವತ್ತಾರನೆಯ ದಿನದ ಪುಟವನ್ನು ತಾವು ಓದಲಿಲ್ಲವಾದ್ದರಿಂದ ಇಲ್ಲಿ ಪೂರ್ತಿ ನಕಲು ಮಾಡುತ್ತಿದ್ದೇನೆ. ‘ಬುಧವಾರ. ಬೆಳಿಗ್ಗೆ ಅಳತೆ ಸರಿಯಿತ್ತು. ಸಂಜೆ ಸ್ಕೂಲಿನಿಂದ ಬಂದು ನೋಡಿದರೆ ಮೂರು ಊರೂ ಇಲ್ಲ. ಎಲ್ಲ ಒಂದೇ ಕಂದು ಬಣ್ಣ. ಇದು ಸಾಮೂಹಿಕ ಅಳಿವು. ಕಂಡ ಇತರ ಸಂಗತಿಗಳು: ಒಂದು, ಚೀಟಿಯ ಅಂಚು ಸುರುಟಿದೆ, ಶಾಯಿ ಸ್ವಲ್ಪ ಹರಡಿದೆ. ಎರಡು, ಗಾಜು ನಿನ್ನೆಗಿಂತ ಸ್ವಚ್ಛವಾಗಿದೆ. ಮೂರು, ಅಡುಗೆಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಊಹೆ: ಹಠಾತ್ ಶಾಖ? ಖಚಿತವಿಲ್ಲ.’ ಅದರ ಕೆಳಗೆ, ತೀರ ಸಣ್ಣ ಅಕ್ಷರದಲ್ಲಿ, ಅಳಿಸಿ ಮತ್ತೆ ಬರೆದಂತೆ, ‘ಬೇಜಾರಾಗಿದೆ. ಇದು ಊಹೆಯಲ್ಲ.’

ಹದಿನಾಲ್ಕು ವರ್ಷದ ಹುಡುಗಿ ಬರೆದ ಈ ಪುಟಕ್ಕಿಂತ ಪ್ರಾಮಾಣಿಕವಾದ ಪುಟವನ್ನು ನಾನು ಓದಿಲ್ಲ. ಕೊನೆಯ ಭಾನುವಾರ, ಸಭಾಂಗಣದಲ್ಲಿ, ಅವಳು ಬಾಟಲಿಯನ್ನೂ ನೋಟ್‌ಬುಕ್ಕನ್ನೂ ಮೇಜಿನ ಮೇಲಿಟ್ಟು ಇದನ್ನೇ ಹೇಳಲು ಬಾಯಿ ತೆರೆದಳು. ತಮ್ಮ ಮೌಲ್ಯಮಾಪಕರು, ಮಕ್ಕಳ ಬಾಯಲ್ಲಿ ‘ಕೆಂಪು ಚುಕ್ಕಿ ಸಾರ್’ ಎಂದು ಪ್ರಸಿದ್ಧರಾದವರು, ಕುರ್ಚಿಯಿಂದ ಏಳುವ ತೊಂದರೆ ತೆಗೆದುಕೊಳ್ಳದೆ, ತಮ್ಮ ಲೇಸರ್ ಕಡ್ಡಿಯ ಚುಕ್ಕಿಯನ್ನು ದೂರದಿಂದಲೇ ಬಾಟಲಿಯ ಮೇಲೆ ಕುಣಿಸಿ, ‘ಒಂದೇ ದಿನದಲ್ಲಿ ಎಲ್ಲಾ ಮಾಯ ಆಯ್ತಾ? ಐದು ವಾರ ಏನೂ ಮಾಡ್ದೆ, ನಿನ್ನೆ ಕೆಸರು ತುಂಬ್ಕೊಂಡು ಬಂದಿದ್ದೀಯ. ಚಿತ್ರ ಚೆನ್ನಾಗಿ ಬರೀತೀಯ ಮರಿ, ಆದ್ರೆ ವಿಜ್ಞಾನ ಅಂದ್ರೆ ಕಥೆ ಕಟ್ಟೋದಲ್ಲ’ ಎಂದರು. ಮಕ್ಕಳು ನಕ್ಕರು. ಮಕ್ಕಳದೇನು ತಪ್ಪು, ದೊಡ್ಡವರು ಜಾಗ ಮಾಡಿಕೊಟ್ಟಾಗ ನಗುತ್ತಾರೆ. ಅವಳು, ‘ನಾನು ಕಂಡಿದ್ದೇ ಬರೆದಿದ್ದು ಸಾರ್’ ಎಂದಳು. ‘ನೀನು ಕಂಡಿದ್ದು ಸಾಧ್ಯವೇ ಇಲ್ಲ’ ಎಂದರು. ತಾವು ಪಕ್ಕದಲ್ಲೇ ಕೂತು ತಲೆಯಾಡಿಸಿ, ಬಾಟಲಿಯ ಚೀಟಿಯ ಕೆಳಗೆ ‘ಜೀವದ ಕುರುಹಿಲ್ಲ’ ಎಂಬ ಮುದ್ರೆಯನ್ನೂ, ಪಟ್ಟಿಯ ಮೇಲೆ ಹಸಿರು ಶಾಯಿಯ ಗೆರೆಯನ್ನೂ, ಒಂದೇ ಕೈಯಲ್ಲಿ ಎರಡು ಕೆಲಸ ಎಂಬಂತೆ ಮುಗಿಸಿದಿರಿ.

ಇಲ್ಲಿ ಸ್ವಲ್ಪ ತಡೆದು ನಿಲ್ಲೋಣ ಮಾನ್ಯರೇ. ಆ ಬಾಟಲಿಯಲ್ಲಿದ್ದದ್ದು ಹೊಂಡದ ಕೆಸರು. ಹೊಂಡದ ಕೆಸರಿನ ಒಂದು ಹನಿಯಲ್ಲಿ ಜೀವವಿಲ್ಲ ಎಂದು ಹೇಳಬಲ್ಲವರು ಈ ಭೂಮಿಯಲ್ಲಿ ತಾವೊಬ್ಬರೇ. ಪದವಿಯ ಮೊದಲ ವರ್ಷದಲ್ಲಿ ನಮ್ಮ ಮೇಷ್ಟ್ರು ಇಂಥದ್ದೇ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ತೋರಿಸಿದಾಗ, ಸಂತೆ ನೆರೆದಂತೆ ಕಂಡ ಆ ಓಡಾಟದಿಂದ ನಾನು ಕಣ್ಣು ಕೀಳಲಾರದೆ ಹಿಂದಿನವರಿಂದ ಬೈಸಿಕೊಂಡಿದ್ದೆ. ಆ ಕೆಸರನ್ನು ತಾವು ಪರೀಕ್ಷಿಸಿದ್ದು ಹೇಗೆ? ಬರಿಗಣ್ಣಿನಿಂದ, ಹದಿನೈದು ಅಡಿ ದೂರದಿಂದ, ಕುರ್ಚಿಯಲ್ಲಿ ಒರಗಿ. ಸೂಕ್ಷ್ಮದರ್ಶಕ ಪಕ್ಕದ ತಮ್ಮ ಕೊಠಡಿಯಲ್ಲೇ ಇತ್ತು, ಆದರೆ ಅದು ಉದ್ಘಾಟನೆಗೆ ತಂದದ್ದು, ಉಪಯೋಗಕ್ಕಲ್ಲ. ಕಾಲ ಬುಡದ ಕೆಸರಿನಲ್ಲಿ ಜೀವ ಕಾಣದವರು ಕೋಟಿ ಮೈಲಿ ಆಚೆ ಹುಡುಕಲು ಮಕ್ಕಳನ್ನು ತಯಾರು ಮಾಡುತ್ತಿದ್ದೀರಿ. ಆ ಗ್ರಹಗಳಲ್ಲಿ ಯಾರಾದರೂ ಇದ್ದರೆ ಅವರ ಪುಣ್ಯ, ಸಿಕ್ಕಿಬೀಳುವ ಭಯವಿಲ್ಲ. ನಮ್ಮನೆಯವರು ಮುದ್ರೆಯನ್ನು ಎರಡು ಸಲ ಓದಿ, ‘ಕೆಸರಲ್ಲೇ ಜೀವ ಇಲ್ವಂತಾ? ಹಾಗಾದ್ರೆ ನನ್ನ ಸಾಕ್ಸ್ ಕಳಿಸಿಕೊಡೇ, ಪಾಪ, ಸಂತೋಷಪಡಲಿ’ ಎಂದರು. ಮಗಳು ನಗಲಿಲ್ಲ. ಅಂದಿನಿಂದ ನೋಟ್‌ಬುಕ್ಕನ್ನು ಬಟ್ಟೆಯ ಕೆಳಗೆ ತುರುಕಿಟ್ಟು, ಬಿಸ್ಕತ್ತಿಗೂ ಪುರಾವೆ ಕೇಳುವುದನ್ನು ಬಿಟ್ಟಳು. ‘ಮಳೆ ಬರುತ್ತೆ’ ಅಂದರೆ ‘ಹೂಂ’ ಅನ್ನುತ್ತಾಳೆ. ಮನೆ ನೆಮ್ಮದಿಯಾಗಿದೆ, ಆ ನೆಮ್ಮದಿ ನನಗೆ ಬೇಡ.

ಇಷ್ಟು ಹೊತ್ತು ತಮ್ಮ ಬಗ್ಗೆ ಬರೆದೆ. ಈಗ ಪುರಾವೆಯ ಬಗ್ಗೆ ಬರೆಯಬೇಕು, ಹಾಗಾಗಿ ಕೈ ನಿಧಾನವಾಗುತ್ತಿದೆ.

ಆ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ. ಚಿಕ್ಕವಳಿಗೆ ಹಲ್ಲು ಬರುತ್ತಿದ್ದು, ಮೂರು ದಿನದಿಂದ ನನ್ನ ರೆಪ್ಪೆಗಳು ಒಂದಕ್ಕೊಂದು ಪರಿಚಯವಿಲ್ಲದವರಂತೆ ಇದ್ದವು. ಅದೇ ವಾರ ನಾನು ಉಪ್ಪಿನ ಡಬ್ಬವನ್ನು ಫ್ರಿಜ್ಜಿನಲ್ಲೂ, ಬೀಗದ ಕೈಯನ್ನು ಹಾಲಿನ ಪುಡಿಯ ಡಬ್ಬದಲ್ಲೂ ಇಟ್ಟಿದ್ದೆ. ದಿನವೂ ಆ ಹೊತ್ತಿಗೆ ಹಾಲಿನ ಬಾಟಲಿಗಳನ್ನೆಲ್ಲ ಬ್ರಷ್ ಹಾಕಿ ಉಜ್ಜಿ, ದೊಡ್ಡ ಪಾತ್ರೆಯಲ್ಲಿ ಹದಿನೈದು ನಿಮಿಷ ಕುದಿಸುವುದು ನನ್ನ ಕ್ರಮ; ಡಾಕ್ಟರು ಹೇಳಿದ್ದು, ಒಂದು ಕ್ರಿಮಿಯೂ ಉಳಿಯಬಾರದೆಂದು. ಕಿಟಕಿಯಲ್ಲಿ ಹಸಿರುಗಟ್ಟಿದ ಒಂದು ಗಾಜಿನ ಬಾಟಲಿ ಕಂಡಿತು. ‘ಅಯ್ಯೋ, ಹಾಲು ಹಾಗೇ ಬಿಟ್ಟು ಎಷ್ಟು ದಿನ ಆಯ್ತೋ’ ಎಂದು ನನ್ನನ್ನೇ ಬೈದುಕೊಂಡು, ಮೂಗು ಮುಚ್ಚಿಕೊಂಡು, ಸಿಂಕಿಗೆ ಸುರಿದು, ಚೆನ್ನಾಗಿ ಉಜ್ಜಿ, ಮಿಕ್ಕ ಬಾಟಲಿಗಳ ಜೊತೆ ಪಾತ್ರೆಗೆ ಹಾಕಿದೆ. ಕುದಿಯುವ ನೀರಿನ ಮೇಲೆ ಹದಿನೇಳು ಎಂದು ಬರೆದ ಚೀಟಿ ತೇಲಿ ಬಂದಾಗ ನನಗೆ ಎಚ್ಚರವಾಯಿತು. ಹಸಿರೂರು, ಕೆಂಪೂರು, ಕರಿಯೂರು, ಮೂರನ್ನೂ ಶುಚಿತ್ವದ ಹೆಸರಿನಲ್ಲಿ ನಾನು ಮುಗಿಸಿದ್ದೆ.

ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು, ಅದನ್ನು ಪೂರ್ತಿ ಎಚ್ಚರದಲ್ಲೇ ಮಾಡಿದೆ. ಕೂಸನ್ನು ಸೊಂಟಕ್ಕೇರಿಸಿಕೊಂಡು ಡಿಪೋದ ಹಿಂದಿನ ಹೊಂಡಕ್ಕೆ ಹೋದೆ. ಬಸ್ಸು ತೊಳೆಯುತ್ತಿದ್ದವರೊಬ್ಬರು ಪೈಪು ಹಿಡಿದುಕೊಂಡೇ, ‘ಏನಮ್ಮಾ, ಮಗೂನ ಕಟ್ಕೊಂಡು ಕೆಸರಲ್ಲಿ ಏನು ಹುಡುಕ್ತಿದ್ದೀರಿ?’ ಎಂದು ಕೇಳಿದರು. ‘ಜೀವ’ ಎಂದೆ. ಅವರು ನೀರಿನ ಪೈಪನ್ನು ಆ ಕಡೆ ತಿರುಗಿಸಿಕೊಂಡರು. ಕೆಸರು, ಪೇಪರು, ಮೊಟ್ಟೆ, ಎಲ್ಲ ಮೊದಲಿನ ಹಾಗೇ ತುಂಬಿ, ಒದ್ದೆ ಚೀಟಿಯನ್ನು ಒಲೆಯ ಶಾಖಕ್ಕೆ ಒಣಗಿಸಿ ಅಂಟಿಸಿ, ಕಿಟಕಿಯಲ್ಲಿಟ್ಟು, ಸಂಜೆ ಮಗಳು ಬಾಟಲಿ ಹಿಡಿದು ‘ಅಮ್ಮಾ, ನೀನು ಏನಾದ್ರೂ ನೋಡಿದ್ಯಾ?’ ಎಂದಾಗ, ‘ಇಲ್ಲ ಪುಟ್ಟಿ’ ಎಂದೆ. ಒಂದೇ ಮಾತು. ಅವಳು ನಂಬಿ, ಪೆನ್ಸಿಲು ತೆಗೆದುಕೊಂಡು, ಕಂಡದ್ದನ್ನೇ ಬರೆದಳು.

ಕೊನೆಯ ಭಾನುವಾರ ನಾನು ಸಭಾಂಗಣದ ಹಿಂದಿನ ಸಾಲಿನಲ್ಲಿದ್ದೆ. ಕೆಂಪು ಚುಕ್ಕಿ ಸಾರ್ ಅವಳನ್ನು ಸುಳ್ಳುಗಾರ್ತಿ ಎಂದಾಗ ನನ್ನ ಹೆಗಲ ಮೇಲೆ ಚಿಕ್ಕವಳು ಆಗಷ್ಟೇ ನಿದ್ದೆ ಹೋಗಿದ್ದಳು. ಎದ್ದು ನಿಂತರೆ ಎಚ್ಚರವಾಗುತ್ತಾಳೆ ಎಂದುಕೊಂಡು ಕೂತೇ ಇದ್ದೆ. ಇದು ಊಹೆಯಲ್ಲ, ನೆಪ. ಒಂಬತ್ತನೇ ತರಗತಿಯ ಹುಡುಗಿ ಮೂವತ್ತು ಜನ ನಗುವಾಗ ಕಂಡದ್ದನ್ನು ಹೇಳಿ ನೆಟ್ಟಗೆ ನಿಂತಿದ್ದಳು, ಪದವಿ ಓದಿದ ನಾನು ಒಂದು ಮಗುವಿನ ನಿದ್ದೆಯ ಹಿಂದೆ ಅವಿತಿದ್ದೆ. ತಮ್ಮನ್ನು ಇಷ್ಟು ಅಣಕಿಸುವ ಯೋಗ್ಯತೆ ನನಗೆಲ್ಲಿಂದ ಬಂತು ಎಂದು ತಾವು ಕೇಳಿದರೆ, ಆ ಪ್ರಶ್ನೆ ಸರಿಯೇ. ಆದರೆ ನನಗೂ ತಮಗೂ ಒಂದು ವ್ಯತ್ಯಾಸವಿದೆ. ನಾನು ಜೀವ ತೆಗೆದು ಬಾಯಿ ಮುಚ್ಚಿಕೊಂಡೆ. ತಾವು ಜೀವವನ್ನು ನೋಡದೆ ಬಾಯಿ ತೆರೆದಿರಿ. ನನ್ನ ತಪ್ಪನ್ನು ಈ ಪತ್ರದಲ್ಲಿ ಬರೆದಾಯಿತು. ತಮ್ಮದಕ್ಕೆ ಹಸಿರು ಶಾಯಿ ಇನ್ನೂ ಉಳಿದಿರಬೇಕು.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಅಲ್ಪ. ಮೂವತ್ತಾರನೆಯ ದಿನ ಆ ಗ್ರಹಕ್ಕೆ ಬಡಿದ ಕ್ಷುದ್ರಗ್ರಹ ನಾನೇ ಎಂದು ದಾಖಲಿಸಿ, ನನ್ನ ತೂಕ, ವೇಗ ಮತ್ತು ನಿದ್ದೆಯ ಅಭಾವವನ್ನು ನಮೂದಿಸಿ, ಒಂದು ಪ್ರಮಾಣಪತ್ರ ಕೊಡಬೇಕು. ಬೇರೆ ಗ್ರಹದವರ ಶಬ್ದ ಕೇಳುವ ಯಂತ್ರವನ್ನು ಒಂದೇ ಒಂದು ಬೆಳಿಗ್ಗೆ ಕಾರಿಡಾರಿನ ಕಡೆ ತಿರುಗಿಸಿ, ಅಲ್ಲಿ ಬುದ್ಧಿವಂತ ಜೀವಿಗಳು ಸುಳಿವು ಕೊಡುತ್ತಿದ್ದಾರೆಯೇ ಎಂದು ಪರಿಶೀಲಿಸಬೇಕು. ಏನನ್ನೂ ತಿನ್ನದೆ, ಮಲಗದೆ, ಬಿಸಿಲು ಚಳಿ ಒಂದೇ ಎಂದು ಬದುಕುವ ಯಾವುದೋ ನೀರುಕರಡಿ ಎಂಬ ಸೂಕ್ಷ್ಮಪ್ರಾಣಿಯ ಬಗ್ಗೆ ತಾವು ಮೂರು ಗಂಟೆ ಭಾಷಣ ಮಾಡಿದಿರಂತೆ. ಮುಂದಿನ ತಂಡಕ್ಕೆ ಆ ಪಾಠವಿದ್ದಾಗ ನನಗೆ ಹೇಳಿಕಳಿಸಿದರೆ ಬಂದು ಮೇಜಿನ ಮೇಲೆ ಕೂರುತ್ತೇನೆ, ಚಿತ್ರ ತೋರಿಸುವ ಖರ್ಚು ಉಳಿಯುತ್ತದೆ. ಸೂಕ್ಷ್ಮದರ್ಶಕದ ರಿಬ್ಬನ್ನನ್ನು ಬಿಚ್ಚಬೇಕು. ಬೇಕಿದ್ದರೆ ಅದನ್ನು ಮತ್ತೆ ಉದ್ಘಾಟಿಸಿ, ಚಪ್ಪಾಳೆ ನಾವು ತಟ್ಟುತ್ತೇವೆ.

ಇವೆಲ್ಲ ಆಗದ ಮಾತೆಂದು ನನಗೂ ಗೊತ್ತು. ಆಗುವಂಥದ್ದು ಒಂದೇ ಇದೆ. ಶುಕ್ರವಾರ ಸಂಜೆ ಬೆಟ್ಟಕ್ಕೆ ಹೋಗುವವರ ಅಂತಿಮ ಪಟ್ಟಿ ಬೋರ್ಡಿಗೆ ಬೀಳುವ ಮೊದಲು, ಆ ಮೂವತ್ತೊಂದು ಮಕ್ಕಳ ಗುಂಪಿಗೆ, ಯಾವ ಧ್ವನಿಯಲ್ಲಿ ಕಟ್ಟುಕಥೆ ಎಂದಿರೋ ಅದೇ ಧ್ವನಿಯಲ್ಲಿ, ‘ಹದಿನೇಳನೇ ನಂಬರಿನವಳು ಕಂಡದ್ದನ್ನೇ ಬರೆದಿದ್ದಳು’ ಎಂದು ತಿಳಿಸಬೇಕು. ಹೆಸರು ಪಟ್ಟಿಗೆ ಮರಳಬೇಕು. ದಯೆಯಿಂದ ಬೇಡ. ಮೂವತ್ತಾರನೆಯ ದಿನದ ಪುಟವನ್ನು ಓದಿ, ಚೀಟಿ ಸುರುಟಿದ್ದು, ಗಾಜು ಬೆಳಗಿದ್ದು, ಮೊಟ್ಟೆಯ ವಾಸನೆ, ಹಠಾತ್ ಶಾಖ, ಇಷ್ಟನ್ನು ಸೇರಿಸಿ ನೋಡಿದ್ದರೆ ನನ್ನ ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತಿದ್ದಿರಿ ಎಂದು ಒಪ್ಪಿಕೊಂಡು ಮರಳಿಸಬೇಕು. ಅದೂ ಕಷ್ಟವಾದರೆ ತಮ್ಮ ಬೋರ್ಡಿನ ಮೇಲಿನ ಎರಡು ಸಾಲನ್ನು ಒರೆಸಿಬಿಡಿ, ಡಸ್ಟರ್ ನಾನು ತರುತ್ತೇನೆ.

ಅಗತ್ಯಕ್ಕಿಂತ ಹೆಚ್ಚು ಶುಚಿಯಾದವಳೂ, ತಮ್ಮ ಕಾರಿಡಾರಿನ ಕಾಲು ಸೀಳಿದ ಕುರ್ಚಿಯ ಖಾಯಂ ಸದಸ್ಯಳೂ ಆದ,

ತಮ್ಮ ವಿಶ್ವಾಸಿ,
ಹದಿನೇಳನೇ ನಂಬರಿನ ತಾಯಿ

ಮರೆತ ಮಾತು: ತಮಗೆ ತಲುಪುವ ಮೊದಲೇ ಈ ಪತ್ರವನ್ನು ಭಾನುವಾರ ಮಧ್ಯಾಹ್ನ ನನ್ನ ಮಗಳ ಕೈಗೆ ಕೊಟ್ಟೆ. ನಿಂತೇ ಓದಿದಳು. ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ, ‘ಹದಿನೈದು ನಿಮಿಷ ಅಂದ್ಯಲ್ಲ, ನೀರು ಕುದಿಯೋಕೆ ಶುರುವಾದ ಮೇಲಾ, ಮೊದಲೇನಾ?’ ಮೇಲೆ ಎಂದೆ. ಹೋಗಿ ಬಟ್ಟೆಯ ಕೆಳಗಿನಿಂದ ನೋಟ್‌ಬುಕ್ ತಂದು, ಮೂವತ್ತಾರನೆಯ ಪುಟದಲ್ಲಿ ‘ಖಚಿತವಿಲ್ಲ’ ಎಂಬುದನ್ನು ಹೊಡೆದು, ‘ಖಚಿತ. ಸಾಕ್ಷಿ: ಅಮ್ಮ’ ಎಂದು ಬರೆದಳು. ಆಮೇಲೆ ನನ್ನ ಕಡೆ ನೋಡದೆ, ‘ನಂಗೆ ಅವತ್ತೇ ಅನುಮಾನ ಇತ್ತು. ಬಾಟಲಿಗೆ ಸೋಪಿನ ವಾಸನೆ ಇತ್ತು, ಅದೊಂದು ಬರೀಲಿಲ್ಲ. ನೀನು ನೋಡಿಲ್ಲ ಅಂದ್ಯಲ್ಲ’ ಎಂದಳು. ಅಂದರೆ ಅಷ್ಟು ಜನರ ಎದುರಿಗೆ ಸುಳ್ಳುಗಾರ್ತಿ ಎನಿಸಿಕೊಂಡು ನಿಂತಿದ್ದಾಗಲೂ ಅವಳ ಕೈಯಲ್ಲಿ ನನ್ನ ವಿರುದ್ಧದ ಪುರಾವೆ ಇತ್ತು. ಅದಾದ ಮೇಲೆ ಎರಡು ದಿನ ನನ್ನ ಹತ್ತಿರ ‘ಹೂಂ’, ‘ಉಹೂಂ’ ಬಿಟ್ಟರೆ ಮಾತಿಲ್ಲ, ಅದು ನ್ಯಾಯವೇ. ಮೂರನೆಯ ದಿನ ಬೆಳಿಗ್ಗೆ, ತಾವು ವಾಪಸು ಕೊಟ್ಟಿದ್ದ ಬಾಟಲಿಯನ್ನು ಹಾಲ್‌ನ ಕಿಟಕಿಗೆ ಸಾಗಿಸಿ, ಅದರ ಮುಂದೆ ‘ಅಮ್ಮಾ, ತೊಳೀಬೇಡ’ ಎಂದು ಬರೆದ ಕಾಗದ ನಿಲ್ಲಿಸಿ, ಸ್ಕೇಲು ಹಿಡಿದು ಕೂತಿದ್ದಳು. ನಾನು ತುಂಬಿದ ಕೆಸರಿಗೆ ಈಗ ಮೂರು ವಾರ ದಾಟಿದೆ, ಗಾಜಿಗೆ ಅಂಟಿ ಉಗುರಗಲದ ಹಸಿರು ಎದ್ದಿದೆ, ಸರಿಯಾಗಿ ತಮ್ಮ ‘ಜೀವದ ಕುರುಹಿಲ್ಲ’ ಮುದ್ರೆಯ ನೇರಕ್ಕೆ. ಆ ಮುದ್ರೆಯನ್ನು ಒರೆಸಿಬಿಡುತ್ತೇನೆಂದು ನಾನು ಕೈ ಚಾಚಿದರೆ, ‘ಮುಟ್ಟಬೇಡಮ್ಮಾ, ಅದೂ ಪುರಾವೆ’ ಎಂದಳು.